ಹನ್ನೊಂದನೇ ಜಾಗದ ನೀರು

ಹೊಳೆಯ ಹಸಿ ಕೆಸರಿನ ವಾಸನೆಯಲ್ಲೇ ನನ್ನ ಬಾಲ್ಯ ಕಳೆಯಿತು. ನವನಗರದ ಬಸ್ ನಿಲ್ದಾಣದಲ್ಲಿ ಅದೇ ವಾಸನೆ ಬಂದಾಗ ತಿರುಗಿ ನೋಡಿದೆ. ಪಕ್ಕದ ಬೆಂಚಿನಲ್ಲಿ ಪರೀಕ್ಷೆಗೆ ಒಯ್ಯುವ, ಅಂಕಿ ಬರೆದ ನೀರಿನ ಬಾಟಲಿಗಳ ಪೆಟ್ಟಿಗೆ, ಲ್ಯಾಪ್‌ಟಾಪ್ ತೆರೆದು ಕೂತ ಹುಡುಗಿ, ನಡುವಯಸ್ಸಿನ ದೋಣಿಯವನು.

“ಮಲಕಪ್ಪಣ್ಣಾ, ಹಿನ್ನೀರೆಲ್ಲಾ ಹೊಲಸು ಅಂತ ನನ್ನ ಕಂಪ್ಯೂಟರ್ ಲೆಕ್ಕ ಹೇಳ್ತೈತಿ. ನೀವು ದೋಣ್ಯಾಗ ಹೋಗಿ ತುಂಬಿ ತರೂ ಹನ್ನೊಂದನೇ ಜಾಗಾದ ಬಾಟ್ಲಿ ಮಾತ್ರ ಪ್ರತಿ ಸಲ ತಿಳಿ. ಅದನ್ನ ನೀವು ನಳದಾಗ ತುಂಬ್ತೀರಿ ಅಂತಾರ ನಮ್ಮ ಆಫೀಸಿನ ಸಾಹೇಬರು.”

“ನಳದ ನೀರು ಅಷ್ಟು ಚಲೋ ಇದ್ರ ನಿಮ್ಮ ಕಂಪ್ಯೂಟರ್ ಯಾಕ ಬೇಕಿತ್ರಿ ಅಕ್ಕಾರ?”

“ನಗಬ್ಯಾಡ್ರಿ. ನಿಮ್ಮ ಕೆಲಸಾ ಹೋಗ್ತೈತಿ.”

“ಅಲ್ಲಿ ಕೆಳಗ, ಮುಳುಗಿದ ನಮ್ಮ ಓಣಿ ಬಾವಿ ಐತ್ರಿ. ಊರು ಬಿಡೂ ದಿನ ನಮ್ಮವ್ವ ಅದಕ್ಕ ಉಡಿ ತುಂಬಿದ್ಲು.”

“ನನ್ನ ಲೆಕ್ಕದಾಗ ಆ ಬಾವಿನ ಇಲ್ಲ.”

“ಇವತ್ತ ಬಾಟ್ಲಿ ಹಗ್ಗಾ ನೀವ ಹಿಡಿದಿದ್ರಿ. ಜಗ್ಗಿತೋ ಇಲ್ಲೋ?”

ಅವಳು ಅಂಗೈ ನೋಡಿಕೊಂಡಳು.

“ಜಗ್ಗಿತು. ಕೆಳಗ ಯಾರೋ ಹಿಡಿದಂಗ. ತುಂಬಿದ ಮ್ಯಾಲೆ ಮೆಲ್ಲಕ ಬಿಟ್ರು.”

“ಸಾಹೇಬರಿಗೆ ಏನ್ ಹೇಳ್ತೀರಿ?”

“ಬಾಟ್ಲಿ ನಾನ ತುಂಬೇನಿ, ತಪ್ಪಿದ್ದು ನನ್ನ ಲೆಕ್ಕ ಅಂತ ಬರೀತೇನಿ.”

“ಮತ್ತ ಹಗ್ಗದ್ದು?”

“ಅದನ್ನ ಬರಿಯಾಕ ಕಾಗದದಾಗ ಜಾಗಾ ಇಲ್ಲ.”

ಬಸ್ ಬಂತು. ಪೆಟ್ಟಿಗೆಯನ್ನು ಹೆಗಲಿಗೇರಿಸಿ ಎದ್ದ ಮಲಕಪ್ಪ, ತನ್ನ ರೊಟ್ಟಿಯ ಗಂಟನ್ನು ಅವಳ ಕೈಗಿಟ್ಟ.