ಅಟ್ಟದ ಮೇಲೆ ಕಟ್ಟಿಟ್ಟ ಮನೆ

ಕೈ ನಿಲ್ಲಿಸಬೇಡಿ, ತಾಯಂದಿರೇ. ಮೆಂತ್ಯ ಸೊಪ್ಪು ಇನ್ನೂ ಒಂದು ಬುಟ್ಟಿ ಉಳಿದಿದೆ, ಪ್ರಸಾದದ ಹೊತ್ತಿಗೆ ಪಲ್ಯ ಆಗಬೇಕು. ಬೇರು ಈ ಕಡೆ, ಎಲೆ ಆ ಕಡೆ, ಕಿವಿ ಮಾತ್ರ ನನ್ನ ಕಡೆ. ಗಂಡಸರೇ, ನೀವೂ ಸುಮ್ಮನೆ ಕೂತಿದ್ದೀರಿ. ಆ ಕೊನೆಯ ಬುಟ್ಟಿಯನ್ನು ನಿಮ್ಮ ಮುಂದಕ್ಕೆ ಎಳೆದುಕೊಳ್ಳಿ. ಸೊಪ್ಪು ಬಿಡಿಸಿದರೆ ಮೀಸೆ ಉದುರುವುದಿಲ್ಲ.

ಹೋದ ವಾರ ಏನು ಹೇಳಿದ್ದೆ? ಈ ದೇಹ ಬಾಡಿಗೆ ಮನೆ, ಮಾಲೀಕ ಬಿಡು ಎಂದ ದಿನ ಬಿಟ್ಟು ಹೊರಡಬೇಕು ಎಂದಿದ್ದೆ. ಎಲ್ಲರೂ ತಲೆದೂಗಿದಿರಿ. ಆಗ ಹಿಂದಿನ ಸಾಲಿನಿಂದ ನಮ್ಮ ನೀಲವ್ವನ ಮೊಮ್ಮಗಳು ಶಾಂಭವಿ, ಇಲ್ಲೇ ಕೂತಿದ್ದಾಳೆ ನೋಡಿ, ತಲೆ ತಗ್ಗಿಸಬೇಡ ತಾಯಿ, ಒಂದು ಪ್ರಶ್ನೆ ಕೇಳಿದಳು: "ಅಜ್ಜೀ, ಅದಕ್ಕೂ ಡಿಪಾಜಿಟ್ ಕೇಳ್ತಾರೇನ್ರಿ?"

ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಆದರೆ ಮಾತು ತಲೆಯಲ್ಲಿ ಉಳಿಯಿತು. ಓದು ಮುಗಿದು, ಕೆಲಸ ಸಿಕ್ಕಿ, ಮದುವೆಯೂ ಆಗಿ, ಬಾಡಿಗೆ ಕೇಳಿದರೆ ಎದೆ ಝಲ್ಲೆಂದು ಅಪ್ಪ-ಅವ್ವನ ಜೊತೆಗೇ ಇರುವ ಮಕ್ಕಳು ಈ ಸಭೆಯಲ್ಲೇ ಎಷ್ಟಿಲ್ಲ? ಅವರ ಮುಂದೆ ಬಾಡಿಗೆ ಮನೆಯ ಉಪಮೆ ಹೇಳುವುದು ಹಸಿದವನ ಮುಂದೆ ಹೋಳಿಗೆಯನ್ನು ವರ್ಣಿಸಿದ ಹಾಗೆ. ಆದ್ದರಿಂದ ಇವತ್ತು ಉಪಮೆ ಬೇಡ, ಕಥೆಯೇ ಇರಲಿ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಇದ್ದರೆ ಇರಲಿ, ಅವನಿಗೆ ನಾಲ್ಕು ಮನೆ, ಅವನ ಕಥೆ ನಮಗೇಕೆ? ಅದೇ ಊರಲ್ಲಿ ಶ್ರೀಮಂತನೂ ಅಲ್ಲದ ಬಡವನೂ ಅಲ್ಲದ ಒಬ್ಬ ಬಸ್ ಕಂಡಕ್ಟರ್ ಇದ್ದ. ಕೆಲಸದಿಂದ ನಿವೃತ್ತನಾಗಿದ್ದ, ಬಾಯಿ ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು. ಅವನಿಗೆ ಒಂದು ಪುಟ್ಟ ಮನೆ: ಒಂದು ಪಡಸಾಲೆ, ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ಅವನು, ಅವನ ಹೆಂಡತಿ, ಅವನ ಮಗ, ಹೊಸದಾಗಿ ಬಂದ ಸೊಸೆ. ಬೆಳಿಗ್ಗೆ ನಾಲ್ವರೂ ಒಟ್ಟಿಗೆ ಪಡಸಾಲೆಗೆ ಬಂದರೆ ಅವನು ಬಾಗಿಲ ಚೌಕಟ್ಟಿಗೆ ಎರಡು ಸಲ ತಟ್ಟಿ ಕೂಗುತ್ತಿದ್ದ: "ಮುಂದ ಸರೀರಿ, ಮುಂದ ಸರೀರಿ! ಒಳಗ ಜಾಗ ಖಾಲಿ ಐತಿ!"

ಜಾಗ ಎಲ್ಲಿಂದ ಬರಬೇಕು? ನೋಡಿ, ಇಲ್ಲಿದೆ ಕಥೆಯ ಗಂಟು. ಆ ಮನೆಯಲ್ಲಿ ಮನುಷ್ಯರಿಗಿಂತ ಪೆಟ್ಟಿಗೆಗಳು ಹೆಚ್ಚು. ಮದುವೆಗೆ ಬಂದ ಮಿಕ್ಸರು, ಕುಕ್ಕರು, ಮೂರು ಗೋಡೆ ಗಡಿಯಾರ, ಚಾದರ, ಬಟ್ಟಲು, ಎಲ್ಲ ಪೆಟ್ಟಿಗೆಯಲ್ಲೇ. ಅಟ್ಟದ ಮೇಲೆ ಪೆಟ್ಟಿಗೆ, ಮಂಚದ ಕೆಳಗೆ ಪೆಟ್ಟಿಗೆ, ಮಂಚದ ಮೇಲೂ ಒಂದು, ಅದರ ಪಕ್ಕದಲ್ಲಿ ಮಗ ಸೊಸೆ ಓರೆಯಾಗಿ. ಎಲ್ಲಕ್ಕಿಂತ ಮೇಲೆ, ಹಳೆಯ ಸೀರೆಯಲ್ಲಿ ಸುತ್ತಿಟ್ಟ ಒಂದು ಹಾಲಿನ ಪಾತ್ರೆ. ಹೊಸ ಮನೆಗೆ ಹೋದ ದಿನ ಒಲೆಯ ಮೇಲೆ ಹಾಲಿಟ್ಟು ಉಕ್ಕಿಸುತ್ತೇವಲ್ಲ, ಅದಕ್ಕೆಂದು ಸೊಸೆಯ ಅಪ್ಪ ಕೊಟ್ಟ ಪಾತ್ರೆ.

ಇದನ್ನೆಲ್ಲ ಯಾಕೆ ಬಿಚ್ಚುವುದಿಲ್ಲ? ಕೇಳಿದರೆ ಮಗ ಅನ್ನುತ್ತಿದ್ದ, "ನಮ್ಮ ಮನಿ ಆದಾಗ." ಬಚ್ಚಲಿನ ನಲ್ಲಿ ಸೋರುತ್ತಿತ್ತು. ವಾಸರು ಹಾಕಪ್ಪಾ ಎಂದರೆ, "ಹೆಂಗೂ ನಾವು ಹೋಗವ್ರ ಅಲ್ಲೇನು?" ತಟ್ಟೆ ತೊಳೆಯುವುದಿರಲಿ, ಎತ್ತಿಡುವುದೂ ಇಲ್ಲ. ನಮ್ಮ ಮನಿ ಆದಾಗ! ಅತ್ತೆಯೂ ಅದೇ ರಾಗ. ಸೊಸೆ ಉಪ್ಪಿನ ಡಬ್ಬಿಯನ್ನು ಗೇಣು ಆಚೆ ಇಟ್ಟರೆ ಸಾಕು, "ಅದು ಅಲ್ಲೇ ಇರಲಿ. ನಿಮ್ಮ ಮನಿ ಆದಾಗ ನಿನಗ ಬೇಕಾದಂಗ ಇಟ್ಕೋ" ಅನ್ನುವವಳು. ಮಗನ ಬಾಯಲ್ಲಿ 'ನಮ್ಮ', ಅವ್ವನ ಬಾಯಲ್ಲಿ 'ನಿಮ್ಮ'. ಮನೆ ಮಾತ್ರ ಯಾರಿಗೂ ಆಗಲಿಲ್ಲ.

ಅವರು ಮನೆ ಹುಡುಕಲಿಲ್ಲವೇ? ಹುಡುಕಿದರು. ಚಪ್ಪಲಿ ಸವೆಯಿತು. ಒಂದು ಮನೆಯಲ್ಲಿ ಬಚ್ಚಲಿನ ಬಾಗಿಲು ತೆರೆದರೆ ಅಡುಗೆಮನೆಯ ಬಾಗಿಲು ಮುಚ್ಚುತ್ತಿತ್ತು. ಇನ್ನೊಂದರಲ್ಲಿ ಬಾಲ್ಕನಿ ಇತ್ತು, ನಿಲ್ಲಬೇಕಾದರೆ ಅಡ್ಡಡ್ಡ ನಿಲ್ಲಬೇಕು. ಮತ್ತೊಂದು ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಸೊಸೆ ಅಲ್ಲೇ ಕಿಟಕಿ ಅಳೆದು ಪರದೆ ಹೊಲಿಸಿಬಿಟ್ಟಳು. ಪರದೆ ಬರುವ ಹೊತ್ತಿಗೆ ಮಾಲೀಕ ಬಾಡಿಗೆ ಏರಿಸಿ ಬೇರೆಯವರಿಗೆ ಕೊಟ್ಟಿದ್ದ. ಪರದೆಯೂ ಹೋಗಿ ಪೆಟ್ಟಿಗೆ ಸೇರಿತು.

ನಗಬೇಡಿ, ಇದರಲ್ಲಿ ಒಂದು ನೋವೂ ಇದೆ. ಸೊಸೆಯ ಅಪ್ಪ ನೇಕಾರ. ಜೀವಮಾನವೆಲ್ಲ ಮಗ್ಗದ ಸದ್ದಿನಲ್ಲಿ ಕೂತು ಕಿವಿ ಕಳೆದುಕೊಂಡವನು. ಫೋನಿನಲ್ಲಿ ಕೂಗಿದರೆ ಓಣಿಗೆಲ್ಲ ಕೇಳಿಸುತ್ತಿತ್ತು, ಅವನೊಬ್ಬನಿಗೆ ಬಿಟ್ಟು. ಹಾಗಾಗಿ ಅಪ್ಪ-ಮಗಳದು ಕಾಗದದ ಮಾತು. ಮದುವೆಯಾದಾಗಿನಿಂದ ಅವನು ಮಗಳ ಸಂಸಾರ ಕಂಡವನಲ್ಲ. ಯಾಕೆಂದರೆ ಅವನದೊಂದು ಲೆಕ್ಕಾಚಾರವಿತ್ತು. "ಬೀಗರ ಮನಿಗೆ ಬಂದ್ರ ಕುರ್ಚಿ ತುದಿಗೆ ಕುಂತು, ಚಾ ಕುಡದು ಏಳಬೇಕು. ಮಗಳ ಮನಿಗೆ ಬಂದ್ರ ಚಾಪಿ ಹಾಸ್ಕೊಂಡು ಕಾಲ ಚಾಚಿ ಮಲಗಬಹುದು. ನಾ ಮಲಗಾಕ ಬರಾಂವ. ನಿನ್ನ ಮನಿ ಆದಾಗ ಕರಿ" ಎಂದಿದ್ದ ಮುದುಕ.

ಮಗಳು ಕರೆಯುವ ಕಾಗದ ಬರೆದಿಟ್ಟಳು. "ಅಪ್ಪಾ, ಬುತ್ತಿ ಕಟ್ಟಿಕೊಂಡು ಬಾ, ನನ್ನ ಮನೆಯ ವಿಳಾಸ ಹೀಗಿದೆ" ಎಂದು ಬರೆದು, ಕೆಳಗೆ ಮೂರು ಸಾಲು ಖಾಲಿ ಬಿಟ್ಟಳು. ಮನೆ ಸಿಕ್ಕ ದಿನ ತುಂಬಿಸಿದರಾಯಿತು ಎಂದು. ದಸರೆ ಹೋಯಿತು, ಯುಗಾದಿ ಹೋಯಿತು, ಇನ್ನೊಂದು ದಸರೆ ಬಂತು. ಕಾಗದ ದೇವರ ಗೂಡಿನಲ್ಲಿ ಎಲ್ಲರ ಕಣ್ಣ ಮುಂದೆಯೇ ಇತ್ತು, ಊದಿನಕಡ್ಡಿಯ ಬೂದಿ ಉದುರಿಸಿಕೊಂಡು.

ಆಮೇಲೊಂದು ದಿನ ಅಪ್ಪನ ಕಾಗದ ಬಂತು. "ಮಗಳೇ, ಮಂಡಿನೋವು ಏರಿದೆ. ಬಸ್ಸಿನ ಮೆಟ್ಟಿಲು ಈ ವರ್ಷ ಹತ್ತಬಲ್ಲೆ, ಮುಂದಿನ ವರ್ಷದ್ದು ಹೇಳಲಾರೆ. ಬುತ್ತಿ ಕಟ್ಟಲೋ ಬೇಡವೋ, ಅಷ್ಟೇ ಬರಿ."

ಮರುದಿನ ಬೆಳಿಗ್ಗೆ ಅತ್ತೆ ಒಲೆಯ ಮೇಲೆ ಹಾಲಿಟ್ಟಿದ್ದಳು. ಈ ಅತ್ತೆ ಹಾಲಿನ ಮುಂದೆ ನಿಂತಳೆಂದರೆ ಸಿಪಾಯಿ! ಅವಳ ಕೈಯಲ್ಲಿ ಹಾಲು ಒಂದು ದಿನವೂ ಉಕ್ಕಿದ್ದಿಲ್ಲ. ಹಾಲಿನ ಮೇಲೇ ಕಣ್ಣಿಟ್ಟು ಕೇಳಿದಳು, "ಅಪ್ಪಗ ಕಾಗದ ಹಾಕಿದ್ಯೇನವಾ?"

"ಇಲ್ರೀ ಅತ್ತೀ."

"ಬರದು ವರ್ಸ ಆತು. ಇನ್ನೇನ್ ಬಾಕಿ ಐತಿ?"

"ವಿಳಾಸ ಬಾಕಿ ಐತ್ರೀ."

"ನಿಮ್ಮಪ್ಪನ ವಿಳಾಸ ನಿನಗ ಗೊತ್ತಿಲ್ಲೇನ?"

"ಅವರದು ಗೊತ್ತೈತ್ರೀ. ನಂದ ಗೊತ್ತಿಲ್ಲ."

ಅತ್ತೆ ಗರ್ರನೆ ತಿರುಗಿದಳು. "ಹಂಗಂದ್ರ ಇದೇನು ಬಸ್‌ಸ್ಟ್ಯಾಂಡೇನು? ಉಂಡಿದ್ದು ಇಲ್ಲಿ, ಮಲಗಿದ್ದು ಇಲ್ಲಿ, ವಿಳಾಸ ಮಾತ್ರ ಗೊತ್ತಿಲ್ಲ!"

"ನೀವ ಅಂದೀರಲ್ರೀ, ನಿಮ್ಮ ಮನಿ ಆದಾಗ ಅಂತ. ದಿನಾ ಅಂತೀರಿ. ಉಪ್ಪಿನ ಡಬ್ಬಿ ಮುಟ್ಟಿದ್ರೂ ಅಂತೀರಿ. ನಮ್ಮಪ್ಪಗ ಯಾವ ಮನಿಗೆ ಬಾ ಅನ್ಲಿ? ಇಲ್ಲಿ ಬಂದು ಕುರ್ಚಿ ತುದಿಗೆ ಕುಂತು ಹೋಗು ಅನ್ಲೇನು?"

ಬಚ್ಚಲಿನಿಂದ ಮಗ ಕೂಗಿದ, "ಬೆಳಬೆಳಗ್ಗೆ ಏನ್ ನಡಸೀರಿ? ಹೆಂಗೂ ನಾವು ಹೋಗವ್ರ..."

"ನೀ ಸುಮ್ನಿರು!" ಎಂದರು ಇಬ್ಬರು ಹೆಂಗಸರೂ ಒಟ್ಟಿಗೆ. ಆ ಮನೆಯಲ್ಲಿ ಅವರಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

ಅಷ್ಟರಲ್ಲಿ 'ಸುಂಯ್' ಎಂದಿತು. ಹಾಲು ಉಕ್ಕಿ, ಒಲೆ ಆರಿಸಿ, ಕಟ್ಟೆಯ ಮೇಲೆ ಹರಿದು, ಉಪ್ಪಿನ ಡಬ್ಬಿಯ ಬುಡಕ್ಕೆ ಬಂದು ನಿಂತಿತು.

ಈಗ ಅತ್ತೆಯ ಬಾಯಿ ಉಕ್ಕುತ್ತದೆ ಎಂದು ಸೊಸೆ ಕಾದಳು. ಅತ್ತೆ ಗ್ಯಾಸಿನ ಕಿವಿ ತಿರುವಿ, ಹಾಲನ್ನೇ ನೋಡುತ್ತ ನಿಂತಳು. ಪಡಸಾಲೆಯಿಂದ ಮಾವ ಇಣುಕಿದ. "ಯಾವ ಕಡೆ ಉಕ್ಕಿತು?"

"ಮೂಡಲಕ್ರೀ ಮಾವಾರ" ಎಂದಳು ಸೊಸೆ, ಅಳುತ್ತಲೇ.

"ಮೂಡಲಕ್ಕ ಉಕ್ಕಿದ್ರ ಅಳ್ತಾರೇನು, ಹುಚ್ಚಿ? ಒಳ್ಳೇ ಶಕುನ ಅದು! ಪೂಜಿ ಮಾಡಸಾಕ ಐನಾರಿಲ್ಲದ, ಊಟದ ಖರ್ಚಿಲ್ಲದ, ಗೃಹಪ್ರವೇಶ ಆಗಿಹೋತು!"

ಅತ್ತೆ ನಗಲಿಲ್ಲ. ಮೆಲ್ಲಗೆ ಹೇಳಿದಳು: "ಈ ಮನ್ಯಾಗ ಹಾಲು ಉಕ್ಕಸಿದ್ದು ನಮ್ಮತ್ತಿ. ನಾ ಆಮ್ಯಾಲ ಬಂದಾಕಿ. ಅಕಿ ಹೋದ ಮ್ಯಾಲ ಒಲಿ ನನಗ ಬಂತು, ಡಬ್ಬಿನೂ ಬಂದ್ವು. ಆದ್ರ ಬಾರವಾ, ನೀನೂ ಒಮ್ಮೆ ಉಕ್ಕಸು ಅಂತ ನನಗ ಯಾರೂ ಅನ್ಲಿಲ್ಲ. ಅದಕ್ಕ ಉಕ್ಕಲಾರದಂಗ ಕಾಯೂದೊಂದ ಕಲ್ತೆ."

ಕೇಳಿದಿರಾ, ತಾಯಂದಿರೇ? ಅವಳೂ ತನ್ನದಲ್ಲದ ಮನೆಯಲ್ಲೇ ಇದ್ದವಳು. ಡಬ್ಬಿಗಳನ್ನು ಯಾಕೆ ಅಷ್ಟು ಬಿಗಿಯಾಗಿ ಹಿಡಿದಿದ್ದಳು, ಗೊತ್ತಾಯಿತಲ್ಲ?

ಆಮೇಲೆ ಅತ್ತೆ ಮಗನಿಗೆ ಹೇಳಿದಳು, "ಏಣಿ ತಗೊಂಬಾ. ನಿನ್ನ ಹೆಂಡ್ತಿ ಪಾತ್ರಿ ಇಳಸು." ಗಂಡನಿಗೆ ಹೇಳಿದಳು, "ನೀವು ಮತ್ತ ಹಾಲು ತರ್ರಿ. ಬಿದ್ದಿದ್ದನ್ನ ಪೂಜಿ ಅನ್ಕೊಂಡು ಬಿಡಾಕ ನಾವೇನು ಭಿಕಾರಿಗಳೇನು? ಸರಿಯಾಗಿ ಉಕ್ಕಸೋಣು."

ಹಳೆಯ ಸೀರೆ ಬಿಚ್ಚಿ, ಪಾತ್ರೆಗೆ ಅರಿಶಿನ ಹಚ್ಚಿ, ಒಲೆಗೇರಿಸಿದರು. ಅತ್ತೆಯ ಕೈ, ಸೊಸೆಯ ಕೈ, ಎರಡೂ ಸೇರಿ ಹಾಲು ಸುರಿದವು. ಹಾಲು ಏರಿತು, ಅಂಚಿಗೆ ಬಂತು. ಆಗ ನೋಡಿ, ಅತ್ತೆಯ ಕೈ ತನಗೆ ತಾನೇ ಗ್ಯಾಸ್ ಆರಿಸಲು ಓಡಿತು! ಸೊಸೆ ಗಪ್ಪನೆ ಆ ಕೈ ಹಿಡಿದಳು. "ಬಿಡ್ರೀ ಅತ್ತೀ. ಇವತ್ತೊಂದಿನ ಬಿಡ್ರಿ." ಹಾಲು ಉಕ್ಕಿತು. ಹಿಡಿದ ಕೈ ಹಾಗೇ ಇತ್ತು.

ಆಮೇಲೆ ಪೆಟ್ಟಿಗೆಗಳೆಲ್ಲ ಬಿಚ್ಚಿಕೊಂಡವು. ಬೇರೆ ಮನೆಯ ಕಿಟಕಿಗೆ ಹೊಲಿಸಿದ ಪರದೆ ಈ ಕಿಟಕಿಯ ಅರ್ಧಕ್ಕೇ ನಿಂತಿತು, ಮೊಳಕಾಲಿನವರೆಗೆ ಲಂಗ ಉಟ್ಟ ಹುಡುಗಿಯ ಹಾಗೆ. ಮೂರು ಗಡಿಯಾರ ತೂಗುಬಿದ್ದವು, ಮೂರೂ ಬೇರೆ ಬೇರೆ ಹೊತ್ತು ತೋರಿಸಿದವು. ಮಗ ಅಂಗಡಿಗೆ ಹೋಗಿ ವಾಸರು ತಂದು, ಮೈಯೆಲ್ಲ ನೆನೆಸಿಕೊಂಡು ನಲ್ಲಿ ರಿಪೇರಿ ಮಾಡಿದ. ಅತ್ತೆ ಅಡುಗೆಮನೆಯ ಎರಡು ಹಲಗೆ ಖಾಲಿ ಮಾಡಿ, "ಇವು ನಿನ್ವು, ನಾ ಇಲ್ಲಿ ಕೈ ಹಾಕಂಗಿಲ್ಲ" ಎಂದಳು. ಮರುದಿನ ಬೆಳಿಗ್ಗೆಯೇ, "ಉಪ್ಪು ಇಲ್ಲ್ಯಾಕ ಇಟ್ಟೀಯವಾ?" ಎಂದು ಕೈ ಹಾಕಿದಳು. ಮನುಷ್ಯಳಲ್ಲವೇ! ಸೊಸೆ ನಕ್ಕು, "ಇದು ನನ್ನ ಹಲಗಿರೀ" ಎಂದಳು. ಅತ್ತೆ ಕೈ ತೆಗೆದಳು. ಅಷ್ಟಾದರೆ ಸಾಲದೇ?

ಈಗ ನಿಮ್ಮ ಕಡೆ ತಿರುಗುತ್ತೇನೆ. ಸೊಪ್ಪು ಬಿಡಿಸುವ ಕೈ ಯಾಕೆ ನಿಂತವು? ನಿಮ್ಮ ಅಟ್ಟ ನೆನಪಾಯಿತೇ?

ಮಕ್ಕಳೇ, ಮನೆ ಹುಡುಕಬೇಡಿ ಎನ್ನುವುದಿಲ್ಲ. ಹುಡುಕಿ, ಸಿಗಲಿ, ನಾನೇ ಬಂದು ಹಾಲುಕ್ಕಿಸುತ್ತೇನೆ. ಆದರೆ ಸಿಗುವವರೆಗೆ ಬದುಕನ್ನು ಪೆಟ್ಟಿಗೆಯಲ್ಲಿ ಕಟ್ಟಿಡಬೇಡಿ. ಇವತ್ತು ಮನೆಗೆ ಹೋಗಿ ಒಂದೇ ಒಂದು ಪೆಟ್ಟಿಗೆ ಬಿಚ್ಚಿ. ಸೋರುವ ನಲ್ಲಿಗೆ ನೀವೇ ವಾಸರು ಹಾಕಿ. ಉಂಡ ತಟ್ಟೆ ನೀವೇ ತೊಳೆಯಿರಿ. ಅಪ್ಪನ ಮನೆಯಲ್ಲಿರುವುದು ನಾಚಿಕೆಯಲ್ಲ, ಅಪ್ಪನ ಮನೆಯಲ್ಲಿ ಅತಿಥಿಯ ಹಾಗೆ ಇರುವುದು ನಾಚಿಕೆ.

ಹಿರಿಯರೇ, ನೀವು ನಗುತ್ತಿದ್ದೀರಿ, ನಿಮ್ಮದೂ ಇದೆ. 'ನನ್ನ ಮನೆ' ಎಂಬ ಮಾತು ನಾಲಿಗೆ ತುದಿಗೆ ಬಂದಾಗ ಒಂದು ಗುಟುಕು ನೀರು ಕುಡಿಯಿರಿ. ಎರಡು ಹಲಗೆ ಬಿಟ್ಟುಕೊಡಿ. ಮಕ್ಕಳ ಕೋಣೆಗೆ ಹೋಗುವಾಗ ಬಾಗಿಲು ತಟ್ಟಿ. ಮಗನ ಗೆಳೆಯರು, ಸೊಸೆಯ ತವರಿನವರು ಬಂದರೆ ಅವರ ಮನೆಗೇ ಬಂದರು ಎಂದುಕೊಳ್ಳಿ. ಇನ್ನು ಪಕ್ಕದ ಮನೆಯವರೇ, "ಇನ್ನೂ ಅಪ್ಪನ ಮನ್ಯಾಗ ಅದೀಯೇನೋ?" ಎಂದು ಆ ಮಗನನ್ನು ಕೇಳುವ ಚಟ ನಿಮಗಿದೆಯಲ್ಲ? ಅದನ್ನು ಇವತ್ತೇ ಈ ಮೆಂತ್ಯದ ಬೇರಿನ ಜೊತೆ ಹೊರಗೆ ಚೆಲ್ಲಿ. ದೇವರು ಎಲ್ಲಿದ್ದಾನೆ ಎಂದರೆ ಇರುವಲ್ಲೇ ಇದ್ದಾನೆ ಎನ್ನುತ್ತೀರಿ. ಹಾಗಾದರೆ ಮನೆ?

ಏನು ಶಾಂಭವಿ, ಕೈ ಎತ್ತಿದ್ದೀಯ?

"ಆ ಕಾಗದ ಏನಾತ್ರೀ ಅಜ್ಜೀ?"

ನೋಡಿ, ಇವಳೊಬ್ಬಳು ಕೇಳದಿದ್ದರೆ ಆ ಮುದುಕ ಇನ್ನೂ ಬುತ್ತಿ ಬಟ್ಟೆ ಹಿಡಿದುಕೊಂಡು ಕೂತಿರುತ್ತಿದ್ದ.

ಹಾಲುಕ್ಕಿದ ದಿನವೇ ಸೊಸೆ ದೇವರ ಗೂಡಿನಿಂದ ಕಾಗದ ತೆಗೆದಳು, ಬೂದಿ ಝಾಡಿಸಿದಳು. ಖಾಲಿ ಬಿಟ್ಟ ಮೂರು ಸಾಲಿನಲ್ಲಿ ಅದೇ ಮನೆಯ ನಂಬರು, ಅದೇ ಓಣಿ, ಅದೇ ಊರು ಬರೆದಳು. ಅತ್ತೆ ಹೆಗಲ ಮೇಲಿಂದ ಬಗ್ಗಿ, "ಚಾಪಿ ಹಾಸೇ ಇಟ್ಟೀವಿ ಅಂತ ಬರಿ. ಕುರ್ಚಿ ತಗದ ಇಟ್ಟೀವಿ ಅಂತನೂ ಬರಿ" ಎಂದಳು. ಅದನ್ನೂ ಬರೆದಳು. ನಾಲ್ವರೂ ಚಪ್ಪಲಿ ಮೆಟ್ಟಿ ಓಣಿಯ ತುದಿಯ ಕೆಂಪು ಡಬ್ಬಿಯವರೆಗೆ ನಡೆದರು. ಸೊಸೆ ಕಾಗದ ಹಾಕಿದಳು. ಒಳಗೆ ಬಿತ್ತೋ ಇಲ್ಲವೋ ಎಂದು ಅತ್ತೆ ಡಬ್ಬಿಯ ಬಾಯಿಗೆ ಬೆರಳು ತೂರಿಸಿ ನೋಡಿದಳು. ಬಿದ್ದಿತ್ತು.

ಆಗ ಆ ಕಂಡಕ್ಟರ್ ಮುಂದೆ ಬಂದು, ಅಂಚೆ ಡಬ್ಬಿಯ ಬೆನ್ನಿಗೆ ಎರಡು ಸಲ ಬಡಿದು ಕೂಗಿದ: "ರೈಟ್, ರೈಟ್!"