ರಕ್ತ ಕೊಡುವವರ ಪುಟ

ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸಿನ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು. ಅವಳ ಗಂಡ ಗಾಲಿಕುರ್ಚಿಯಲ್ಲಿ, ಕೈಗೆ ಡ್ರಿಪ್ ಹಾಕಿಸಿಕೊಂಡು, ಪರದೆಯತ್ತ ಕತ್ತು ಚಾಚುತ್ತಿದ್ದ.

“ನಿಮ್ಮ ವೆಬ್‌ಸೈಟ್‌ನಲ್ಲಿ ರಕ್ತ ಕೊಡೋರ ಹೆಸರೇ ಬರ್ತಿಲ್ಲ ಕಣ್ರೀ. ಬರೀ ನೀವು ಬರೆದ ಕೋಡ್ ಕಾಣ್ತಿದೆ.”

“ಹಂಗಾದ್ರೆ ಸರ್ವರ್‌ನಲ್ಲಿ ಆ ಕೋಡ್ ಓಡಿಸೋ ಪಿಎಚ್‌ಪಿ ನಿಂತಿದೆ. ನಿನ್ನೆ ಹೊಸ ವರ್ಷನ್ ಹಾಕಿದ್ನಲ್ಲ, ಆಗ ಆಫ್ ಆಗಿರ್ಬೇಕು. ಕೊಡಿಲ್ಲಿ, ನಾನೇ ನೋಡ್ತೀನಿ.”

“ಕೈ ಅಲ್ಲಾಡಿಸ್ಬೇಡಿ! ಸೂಜಿ ಕಿತ್ತು ಬರುತ್ತೆ. ಬಾಯಲ್ಲಿ ಹೇಳಿ, ನಾನು ಮಾಡ್ತೀನಿ.”

“ಸೆಟ್ಟಿಂಗ್ಸ್‌ನಲ್ಲಿ ಪಿಎಚ್‌ಪಿ ಅಂತ ಇದೆ ನೋಡು. ಆನ್ ಮಾಡು.”

“ಮಾಡ್ದೆ. ಊಹುಂ, ಹಂಗೇ ಇದೆ.”

“ಸರ್ವರ್ ರೀಸ್ಟಾರ್ಟ್ ಮಾಡಿದ್ಯಾ?”

“ನೀವು ಹೇಳಿದ್ರೆ ತಾನೇ ಮಾಡೋದು?”

“ಬೇಗ ಮಾಡೇ. ಯಾರಾದ್ರೂ ರಕ್ತಕ್ಕೆ ಅಂತ ಹುಡುಕ್ತಾ ಇದ್ರೆ?”

“ಇನ್ನೊಂದು ಗಳಿಗೆ ಹೋದ್ರೆ ನಿಮ್ಮ ಹೊಟ್ಟೇನೇ ಕೊಯ್ತಾರೆ, ನಿಮಗೆ ಊರ ಚಿಂತೆ. ತಾಳಿ… ಬಂತು! ಹೆಸರು, ಫೋನ್ ನಂಬರ್, ಎಲ್ಲಾ ಬಂತು.”

ಅವನು ಉಸಿರು ಬಿಟ್ಟು ಕುರ್ಚಿಗೆ ಒರಗಿದ. ಅಷ್ಟರಲ್ಲಿ ನರ್ಸ್ ಬಂದು ಗಾಲಿಕುರ್ಚಿಯ ಹಿಡಿಗೆ ಕೈ ಹಾಕಿದಳು.

“ಒಂದ್ನಿಮಿಷ ಸಿಸ್ಟರ್. ಕೇಳೇ ಇಲ್ಲಿ, ಮತ್ತೆ ಕೆಟ್ರೆ ಏನೇನು ಮಾಡ್ಬೇಕು ಅಂತ ಹೇಳ್ಬಿಡ್ತೀನಿ.”

“ಹೇಳ್ಬೇಡಿ.”

“ಯಾಕೆ?”

“ಮತ್ತೆ ಕೆಟ್ರೆ ನೀವೇ ಬಂದು ಸರಿಮಾಡಿ.”

ನರ್ಸ್ ಕುರ್ಚಿ ತಳ್ಳಿದಳು. ಅವಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಆಪರೇಷನ್ ಕೋಣೆಯ ಬಾಗಿಲಿನವರೆಗೂ ಜೊತೆಗೇ ನಡೆದಳು.