ಕಂಬ ತಟ್ಟಿ ಬಂದವನು

ಆ ದೀಪ ಸ್ವಲ್ಪ ಸಣ್ಣ ಮಾಡು. ಹಾಂ, ಅಷ್ಟು ಸಾಕು... ಇದು ಎಲ್ಲೋ ಕೇಳಿದ ಕತೆಯಲ್ಲ. ನನ್ನ ದೊಡ್ಡಪ್ಪನ ಮಗ ಅರ್ಸೆನ್ಯೊಗೆ, ನಮ್ಮೆಲ್ಲರ ಅರ್ಸೆನ್‌ಗೆ, ಆದದ್ದು. ಅವನು ಈಗಲೂ ಬೆಟ್ಟದ ದಾರಿಯಲ್ಲಿ ಜೀಪು ಓಡಿಸುತ್ತಾನೆ, ಬೇಕಾದರೆ ಹೋಗಿ ಕೇಳಿ. ಬಾಯಿ ಬಿಡುವುದಿಲ್ಲ, ಅದು ಬೇರೆ ಮಾತು.

ಆವತ್ತು ಕತ್ತಲಾಗಿ ಬಹಳ ಹೊತ್ತಾಗಿತ್ತು. ನಾನು ಬಾವಿಯಲ್ಲಿ ನೀರು ಸೇದುತ್ತಿದ್ದೆ. ರಾಟೆ ಕಿರ್... ಕಿರ್... ಅನ್ನುತ್ತಿತ್ತು. ಬಿದಿರು ಮೆಳೆಯ ಕಡೆಯಿಂದ ಅರ್ಸೆನ್ ನಡೆದು ಬಂದ. ಜೀಪಿಲ್ಲ. ಕಾಲಲ್ಲಿ ಚಪ್ಪಲಿಯೂ ಇಲ್ಲ.

“ಏನೋ, ಜೀಪನ್ನ ಯಾವಳಿಗೆ ಬಿಟ್ಟುಕೊಟ್ಟು ಬಂದೆ?” ಅಂದೆ.

ತಿರುಗಿ ನೋಡಲಿಲ್ಲ. ಬೈಗುಳಕ್ಕೆ ಬೈಗುಳ ಕೊಡದೆ ಇರುವವನೇ ಅಲ್ಲ ಅವನು. “ಅರ್ಸೆನ್...” ಅಂತ ಕರೆದೆ. ಅದು ತನ್ನ ಹೆಸರೇ ಅಲ್ಲ ಅನ್ನುವ ಹಾಗೆ ನಡೆದುಹೋದ. ನನ್ನ ಕೈಯಲ್ಲಿದ್ದ ಹಗ್ಗ ಜಾರಿತು. ಕೊಡ ಕೆಳಗೆ ಬಿದ್ದು ದುಡುಂ ಅಂದಿತು.

ಅವನು ಎಲ್ಲಿಗೆ ಹೋಗಿದ್ದ ಅಂತ ಮೊದಲು ಹೇಳಿಬಿಡುತ್ತೇನೆ.

ನಮ್ಮ ಅಜ್ಜ ಲಿಬ್ರಾಡೊ, ಯುದ್ಧದಲ್ಲಿ ಜಪಾನಿಯರು ನಮ್ಮ ನಾಡು ಹಿಡಿದಿದ್ದ ಕಾಲದಲ್ಲಿ, ಕಾಡು ಸೇರಿ ಬಂದೂಕು ಹಿಡಿದವನು. ಒಣಮೀನು ಕಟ್ಟಿಸಿಕೊಂಡು ಒಂದು ಸಂಜೆ ಹೋದ. ಮತ್ತೆ ಬರಲಿಲ್ಲ. ಯುದ್ಧ ಮುಗಿದ ಮೇಲೆ ಕಾಡಿನಿಂದ ಮರಳಿದವರನ್ನು ಕೇಳಿದರೆ, ಅಂಥ ಹೆಸರಿನವನೇ ಇರಲಿಲ್ಲ ಅಂದರು. ಊರಿನ ನಾಲಿಗೆ ಸುಮ್ಮನಿರುತ್ತದೆಯೇ? ಜಪಾನಿಯರ ಕಡೆ ಸೇರಿಕೊಂಡ ಅಂತ ಕೆಲವರು. ಇನ್ನೊಬ್ಬಳನ್ನು ಕಟ್ಟಿಕೊಂಡು ಬಾಗಿಯೊ ಪಟ್ಟಣದಲ್ಲಿ ಹಾಯಾಗಿದ್ದಾನೆ ಅಂತ ಕೆಲವರು. ಸೆಗುಂದ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡೇ ಮುದುಕಿಯಾದಳು.

ನಮ್ಮ ಇಲೋಕೋಸ್ ಸೀಮೆಯಲ್ಲಿ ಗಂಡ ಸತ್ತರೆ, ಹುಲ್ಲು ಸುಟ್ಟ ಬೂದಿ, ಕಬ್ಬಿನ ಹೆಂಡ ಕಲಸಿ ಹೆಂಡತಿಯ ತಲೆ ತೊಳೆಯಬೇಕು. ಆಮೇಲೆಯೇ ಅವಳ ದುಃಖಕ್ಕೆ ಬಿಡುಗಡೆ. ತಾನೇ ತೊಳೆದುಕೊಳ್ಳುವಂತಿಲ್ಲ, ಇನ್ನೊಬ್ಬರ ಕೈ ಬೇಕು. ಆದರೆ ಸತ್ತನೋ ಬದುಕಿದ್ದಾನೋ ಗೊತ್ತಿಲ್ಲದವನ ಹೆಂಡತಿಗೆ ಯಾರು ತೊಳೆಯುತ್ತಾರೆ? ಐವತ್ತು ವರ್ಷ ಅಜ್ಜಿ ಹಾಗೇ ಇದ್ದಳು. ಹಾಸಿಗೆ ಹಿಡಿಯುವ ಹೊತ್ತಿಗೆ ಅವಳಿಗಿದ್ದದ್ದು ಅದೊಂದೇ ಆಸೆ. “ತಲೆ ತೊಳೆಸ್ಕೊಂಡು ಸಾಯ್ಬೇಕು ಕಣ್ರೋ,” ಅನ್ನುತ್ತಿದ್ದಳು. ಎರಡು ತೋಳೂ ಹೆಗಲಿನಿಂದ ಮೇಲೆ ಏಳುತ್ತಿರಲಿಲ್ಲ. ಅರ್ಸೆನ್‌ನ ಹೆಂಡತಿ ನಿಯೆವೆಸ್ ದಿನವೂ ತಲೆ ಬಾಚಿ ಗಂಟು ಹಾಕುತ್ತಿದ್ದಳು.

ಅರ್ಸೆನ್ ಹುಡುಕತೊಡಗಿದ. ಅವನ ಹುಡುಕಾಟ ಹೇಗೆ ಗೊತ್ತೇ? ಜೀಪು ಹತ್ತಿದ ಮುದುಕರನ್ನೆಲ್ಲ ತನ್ನ ಪಕ್ಕದಲ್ಲೇ ಕೂರಿಸಿಕೊಳ್ಳುವುದು. “ತಾತಾ, ಕಾಡಲ್ಲಿದ್ರಾ? ಯಾರ ಜೊತೆಗಿದ್ರಿ?” ಅಂತ ಗೇರು ಬದಲಿಸುತ್ತಾ ಕೇಳುವುದು. ಹೆಂಗಸರು ಹಿಂದೆ ಕೂತು ನಗುತ್ತಿದ್ದರು. ಕೊನೆಗೆ ಟಿನೊ ಅನ್ನುವ ಬೆಟ್ಟದ ಮುದುಕ ಹತ್ತಿದ. ಕಾಡಿನಲ್ಲಿ ಯಾರೂ ಯಾರ ನಿಜವಾದ ಹೆಸರನ್ನೂ ಕೇಳುತ್ತಿರಲಿಲ್ಲವಂತೆ. ಸಿಕ್ಕಿಬಿದ್ದರೆ ಮನೆಯವರಿಗೆ ತೊಂದರೆ.

“ಒಬ್ಬನಿದ್ದ ಮಾರಾಯ,” ಅಂದ ಟಿನೊ. “ಗುಡಿಸ್ಲಾಗ್ಲಿ ಗುಹೆಯಾಗ್ಲಿ, ತಟ್ಟದೆ ಒಳಗೆ ಬರ್ತಿರ್ಲಿಲ್ಲ. ಮೊದ್ಲು ಒಂದು, ತಡೆದು ಎರಡು. ಚಳಿಜ್ವರ ಬಂದು ಸತ್ತ. ನಾನೇ ಮಣ್ಣು ಮಾಡಿದ್ದು, ದೊಡ್ಡ ಆಲದ ಬುಡದಲ್ಲಿ.”

ಅರ್ಸೆನ್ ಜೀಪು ನಿಲ್ಲಿಸಿಬಿಟ್ಟ. ಅಜ್ಜ ಸ್ವಂತ ಮನೆಗೂ ಹಾಗೆ ಕಂಬ ತಟ್ಟಿಯೇ ಬರುತ್ತಿದ್ದ ಅಂತ ಅಜ್ಜಿ ನಮಗೆ ಸಾವಿರ ಸಲ ಹೇಳಿದ್ದಳು.

ಮುದುಕ ದಾರಿ ತೋರಿಸಿ ತನ್ನ ಮನೆಗೆ ಹೋದ. ಅರ್ಸೆನ್ ಒಬ್ಬನೇ ಮರದ ಹತ್ತಿರ ಹೋದ; ಇಷ್ಟನ್ನು ಜೀಪಿನಲ್ಲಿದ್ದ ಹೆಂಗಸರು ಸಂಜೆಯೇ ಬಂದು ನಮಗೆ ಹೇಳಿದ್ದರು. ಅಲ್ಲೇ ಎಡವಟ್ಟಾಯಿತು. ಅಂಥ ಜಾಗದಿಂದ ಹೊರಡುವಾಗ ನಮ್ಮವರು ತಮ್ಮ ಹೆಸರನ್ನು ತಾವೇ ಕೂಗುತ್ತಾರೆ... ಬಾ, ಹೋಗೋಣ, ಇಲ್ಲಿ ಉಳಿಯಬೇಡ ಅಂತ. ಇಲ್ಲದಿದ್ದರೆ ಮೈ ಮನೆಗೆ ಬರುತ್ತದೆ, ಜೀವ ಅಲ್ಲೇ ಉಳಿಯುತ್ತದೆ. ಜೊತೆಗೊಬ್ಬರಿದ್ದರೆ ನೆನಪಿಸುತ್ತಾರೆ. ಅವನ ಜೊತೆ ಯಾರಿದ್ದರು?

ಈಗ ಬಾವಿಯ ಹತ್ತಿರಕ್ಕೆ ಬನ್ನಿ.

ನಾನು ಅವನ ಹಿಂದೆಯೇ ಹೋದೆ. ಅವನು ಮೆಟ್ಟಿಲು ಹತ್ತಲಿಲ್ಲ. ಕಂಬಗಳ ಮೇಲೆ ನಿಂತ ಬಿದಿರು ಮನೆಯ ಕೆಳಗೆ, ಒಂದು ಕಂಬದ ಮುಂದೆ ನಿಂತ. ಕೈ ಎತ್ತಿದ.

ಟಕ್.

ಟಕ್ ಟಕ್.

ಮೇಲೆ ನಿಯೆವೆಸ್ ಕಾಫಿ ಕಾಸುತ್ತಿದ್ದಳು. ಸೌಟು ನಿಂತಿತು. ಎಷ್ಟೋ ದಿನದಿಂದ ಎದ್ದು ಕೂರದ ಅಜ್ಜಿ ಎದ್ದು ಕೂತದ್ದು ಕೇಳಿಸಿತು. ಬಿದಿರು ನೆಲ ಕರಕ್ ಅಂದಿತು.

“ಬಾ,” ಅಂದಳು ಅಜ್ಜಿ. ಬಹಳ ಮೆಲ್ಲಗೆ.

ಅವನು ಹತ್ತಿ ಹೋಗಿ ಗೋಡೆಗೆ ಬೆನ್ನು ಕೊಟ್ಟು ಬಾಗಿಲ ಕಡೆ ಮುಖ ಮಾಡಿ ಕೂತ. ನಿಯೆವೆಸ್ ಕಾಫಿ ಕೊಟ್ಟಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಡುಗುತ್ತಿದ್ದ. ತನ್ನ ಹೆಂಡತಿಯ ಮುಖವನ್ನು ಯಾರೋ ಪರಕೀಯರನ್ನು ನೋಡುವ ಹಾಗೆ ನೋಡಿದ. ಅವಳು ಅಂಗೈ ಕಚ್ಚಿಕೊಂಡಳು.

“ಮರದ ಹತ್ರ ಈ ಹುಡುಗ ಯಾರ ಹೆಸ್ರು ಕರೆದ?” ಅಜ್ಜಿ ಕೇಳಿದಳು.

“ನಂದು.” ಅದು ಅರ್ಸೆನ್‌ನ ದನಿಯಲ್ಲ. ಜ್ವರ ಬಂದವರ ದನಿ.

“ಅವನ್ದು?”

ಇಲ್ಲ ಅಂತ ತಲೆಯಾಡಿಸಿದ.

ಐವತ್ತು ವರ್ಷ ಕಾದವಳು... ಅವಳು ಇರು ಅಂದಿದ್ದರೆ? ನಾವೇನು ಮಾಡುತ್ತಿದ್ದೆವು?

“ನೀನು ಓಡಿಹೋದೆ ಅಂದ್ರು ಎಲ್ರೂ,” ಅಂದಳು ಅಜ್ಜಿ.

“ನೀನು?” ಅಂದಿತು ಆ ದನಿ.

“ಬೈದೆ. ನಂಬ್ಲಿಲ್ಲ.”

ಆಮೇಲೆ ನನ್ನ ಕಡೆ ತಿರುಗಿದಳು. “ಬೆಳಗಾಗೋದ್ರೊಳಗೆ ಹೊರಡು. ಹುಡುಗನ ಅಂಗಿ ತಗೊಂಡ್ಹೋಗು. ಕರ್ಕೊಂಡ್ಬಾ. ಈ ಮೈ ನಿಯೆವೆಸ್‌ದು, ನಂದಲ್ಲ. ನಿನ್ ಹೆಸ್ರು ಕೂಗೋದು ಮರೀಬೇಡ, ಕತ್ತೆ.”

ಹೋದೆ. ಜೀಪು ದಾರಿ ಬದಿಯಲ್ಲಿ ನಿಂತಿತ್ತು, ಕೀಲಿ ಅದರಲ್ಲೇ ಇತ್ತು. ಆಲದ ಬುಡದಲ್ಲಿ ಅರ್ಸೆನ್‌ನ ಚಪ್ಪಲಿಗಳು ಮನೆ ಬಾಗಿಲಲ್ಲಿ ಬಿಟ್ಟ ಹಾಗೆ ಜೋಡಿಯಾಗಿದ್ದವು. ಅಂಗಿ ಬೀಸಿದೆ. “ಅರ್ಸೆನ್, ಬಾ, ಹೋಗೋಣ, ಇಲ್ಲಿ ಉಳೀಬೇಡ.” ನನ್ನ ಹೆಸರನ್ನೂ ಕೂಗಿದೆ, ಮೂರು ಮೂರು ಸಲ ಕೂಗಿದೆ. ಚಪ್ಪಲಿ ಕೈಯಲ್ಲಿ ಹಿಡಿದು ಹೊರಟೆ.

ಜೀಪಿನವರೆಗೂ ನನ್ನ ಹಿಂದೆ ಚಪ್ಪಲಿ ಸದ್ದು... ಚಟ್... ಚಟ್... ಚಟ್. ಚಪ್ಪಲಿ ನನ್ನ ಕೈಯಲ್ಲಿತ್ತು. ನಾನು ತಿರುಗಲಿಲ್ಲ. ನೀವೂ ತಿರುಗುತ್ತಿರಲಿಲ್ಲ ಬಿಡಿ.

ಮನೆ ಮುಟ್ಟಿದಾಗ ಬಿಸಿಲೇರಿತ್ತು. ಒಳಗೆ ಅರ್ಸೆನ್ ಕಣ್ಣುಜ್ಜಿಕೊಂಡು ಕೂತಿದ್ದ. ನಿಯೆವೆಸ್ ಅವನ ಅಂಗೈಯನ್ನು ಹಿಡಿದ ಹಿಡಿತ ಬಿಟ್ಟಿರಲಿಲ್ಲ, ರಾತ್ರಿಯಿಂದಲೂ ಬಿಟ್ಟಿರಲಿಲ್ಲವಂತೆ.

“ನನ್ ಚಪ್ಲಿ ನಿನ್ ಹತ್ರ ಯಾಕೋ ಇದೆ, ಕಳ್ಳ?” ಅಂದ ಅರ್ಸೆನ್.

ನನಗೆ ಅಳು ಬಂತು. ಅತ್ತುಬಿಟ್ಟೆ.

ಅಜ್ಜಿ ಹಿತ್ತಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದಳು. ಅಲ್ಲಿಗೆ ಹೇಗೆ ಹೋದಳೋ. ತಲೆ ಒದ್ದೆಯಾಗಿತ್ತು. ಸುಟ್ಟ ಹುಲ್ಲಿನ ವಾಸನೆ, ಹೆಂಡದ ವಾಸನೆ. ನೆತ್ತಿಯ ಮೇಲೆ ಬಿಗಿಯಾಗಿ ಗಂಟು ಹಾಕಿತ್ತು.

ನಾನು ನಿಯೆವೆಸ್ ಮುಖ ನೋಡಿದೆ.

“ನಾನಲ್ಲ,” ಅಂದಳು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಆ ಕೂದಲಿನಿಂದ ನೀರು ಬಿದಿರು ಮೆಟ್ಟಿಲ ಮೇಲೆ ತೊಟ್... ತೊಟ್... ಅಂತ ಬೀಳುತ್ತಿದ್ದದ್ದನ್ನು ನಾನೇ ನಿಂತು ಕೇಳಿದ್ದೇನೆ. ಅವಳ ತೋಳುಗಳು ಎಂದಿನ ಹಾಗೆ ಮಡಿಲಲ್ಲೇ ಇದ್ದವು.